ನೀರು ಹಾಕುವ ಮಂಗಳವಾರ

ಶಿವಲಿಂಗವ್ವನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ ಎಂಬ ಸುದ್ದಿಯನ್ನು ನನಗೆ ತಂದವಳು ಹಾಲು ಮಾರುವ ರೋಷನಬಿ. ಹೇಳಿ ಸುಮ್ಮನೆ ಹೋಗಲಿಲ್ಲ. "ನಾ ಹೇಳೀನಿ ಅಂತ ಎಲ್ಲ್ಯೂ ಬಾಯಿ ಬಿಡಬ್ಯಾಡ್ರಿ ಬಾಯಾರ, ಆಕಿ ನನ್ನ ಕಡೆ ಹಾಲು ಕೊಳ್ಳೂದು ಬಿಟ್ಟಾಳು" ಎಂದು ನನ್ನಿಂದ ಆಣೆ ಹಾಕಿಸಿಕೊಂಡು, ಅದೇ ಸುದ್ದಿಯನ್ನು ಮುಂದಿನ ಮನೆಗೆ ಹೇಳಲು ಹೋದಳು.

1977ರ ಬೇಸಿಗೆ ಅದು. ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿತ್ತು. ನಾನಾಗ ಐಹೊಳೆಯಲ್ಲಿ ಸರಕಾರಿ ನರ್ಸು. ಹುಟ್ಟಿದ್ದು ಬಾಗಲಕೋಟೆಯ ವೆಂಕಟಪೇಟೆಯಲ್ಲಿ, ಶಾಸ್ತ್ರ ಪುರಾಣ ಓದುವವರ ಮನೆಯಲ್ಲಿ. "ಕುಮುದಿನೀ, ನಿನ್ನ ನಾಲಿಗಿ ನಿನಗಿಂತ ಮೊದಲ ಬಸ್ಸು ಹತ್ತತದ" ಎಂದು ನಮ್ಮಮ್ಮ ರುಕ್ಮಿಣೀಬಾಯಿ ಅನ್ನುತ್ತಿದ್ದಳು. ಸುಳ್ಳಲ್ಲ. ಹಳ್ಳಿಯ ಹೆಂಗಸರನ್ನು ಬೈದು, ಅವರಿಂದ ಬೈಸಿಕೊಂಡು, ಮತ್ತೆ ಅವರ ಮನೆಯಲ್ಲೇ ರೊಟ್ಟಿ ತಿಂದು ನೌಕರಿ ಮಾಡಿದವಳು ನಾನು.

ಬಾಗಿಲಿಗೆ ಬೇವು ಕಟ್ಟಿದರೆ ಆ ಮನೆಯಲ್ಲಿ ಯಾರಿಗೋ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದಿವೆ ಎಂದರ್ಥ. ಊರವರ ಬಾಯಲ್ಲಿ ಅದು ಜಡ್ಡಲ್ಲ. "ತಾಯಿ ಬಂದಾಳ" ಅನ್ನುತ್ತಾರೆ. ಬೇರೆ ವರ್ಷವಾಗಿದ್ದರೆ ಸಂಜೆ ಹೋಗಿ ನೋಡಿದರಾಯಿತು ಎಂದು ಕೂತಿರುತ್ತಿದ್ದೆ. ಆದರೆ ದೇಶದಲ್ಲಿ ಸಿಡುಬು ಕಾಣಿಸದೆ ಆಗ ಎರಡು ವರ್ಷ ಆಗುತ್ತ ಬಂದಿತ್ತು. ಸಿಡುಬನ್ನು ಭೂಮಿಯ ಮೇಲಿಂದಲೇ ತೆಗೆಯುತ್ತೇವೆ ಎಂದು ಎಲ್ಲ ದೇಶಗಳೂ ಕೂಡಿ ಮಾತು ಕೊಟ್ಟಿದ್ದವು. ಉಳಿದೆಲ್ಲದರಲ್ಲಿ ಹಾವು ಮುಂಗುಸಿಯಂತೆ ಕಾದಾಡುವವರು ಇದೊಂದರಲ್ಲಿ ಕೂಡಿದ್ದರು. ಲಸಿಕೆ ರಷ್ಯಾದವರು ಕೊಟ್ಟದ್ದು, ಕವಲು ಸೂಜಿ ಅಮೆರಿಕದವರದು, ರೊಕ್ಕದಲ್ಲಿ ಒಂದು ಪಾಲು ಸ್ವೀಡನ್ ಎಂಬ ದೇಶದ್ದು. ಬಿಸಿಲಲ್ಲಿ ತಿರುಗುವ ಕಾಲು ಮಾತ್ರ ನಮ್ಮವು. ಅವರ ಕರಾರಿನಲ್ಲಿ ನನಗೆ ಭಾಳ ಸೇರಿದ ಮಾತೊಂದಿತ್ತು: ಯಾವ ದೇಶವೂ ತನ್ನ ಮನೆಯನ್ನು ತಾನೇ ನೋಡಿಕೊಂಡು "ಸ್ವಚ್ಛ ಇದೆ" ಅಂದರೆ ನಡೆಯುವುದಿಲ್ಲ, ಹೊರಗಿನವರು ಬಂದು ನೋಡಿ ಹೇಳಬೇಕು. ಅದಕ್ಕೇ ಜ್ವರ ಗುಳ್ಳೆ ಎಲ್ಲಿ ಕಂಡರೂ ಕೂಡಲೇ ಹುನಗುಂದದ ತಾಲೂಕು ದವಾಖಾನೆಗೆ ತಿಳಿಸಬೇಕೆಂದು ನಮಗೆ ಹುಕುಮ್ ಆಗಿತ್ತು.

ಶಿವಲಿಂಗವ್ವನ ಮನೆ ಒಂದು ಹಳೆಯ ಗುಡಿಗೆ ಬೆನ್ನು ಕೊಟ್ಟುಕೊಂಡಿತ್ತು. ಗುಡಿಯ ಕಂಬಗಳ ನಡುವೆ ಅವಳ ಕಣಕಿಯ ಬಣವೆ. ನಾನು ಹೋದಾಗ ಬಾಗಿಲಿಗೆ ಅಡ್ಡ ಕೂತಿದ್ದಳು.

"ಒಳಗ ತಾಯಿ ಕುಂತಾಳ್ರಿ ಬಾಯಾರ. ಬರಬ್ಯಾಡ್ರಿ."

ನನಗೆ ಆಶ್ಚರ್ಯವಾದದ್ದು ಮಾತಿಗಲ್ಲ, ದನಿಗೆ. ಸಾದಾ ದಿನಗಳಲ್ಲಿ ಅವಳು ತನ್ನ ಎಮ್ಮೆಯನ್ನು ಕರೆದರೆ ಮಲಪ್ರಭೆಯ ಆಚೆ ದಂಡೆಯ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ಈಗ ಪಿಸುಮಾತು. ತಾಯಿ ಬಂದ ಮನೆಯಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ, ದನಿ ಏರಿಸುವಂತಿಲ್ಲ, ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ, ಕಣ್ಣೀರು ಹಾಕುವಂತಿಲ್ಲ. ಬಂದವಳು ತಣ್ಣಗಿದ್ದು ತಣ್ಣಗೆ ಹೋಗಬೇಕು. ಗುಳ್ಳೆ ಒಣಗಿದ ಮೇಲೆ ಒಂದು ಮಂಗಳವಾರ ಬೇವಿನ ನೀರು ಕಾಸಿ ಮಕ್ಕಳ ತಲೆಯ ಮೇಲೆ ಹಾಕುತ್ತಾರೆ. ಆ ನೀರು ಬಿದ್ದ ಮೇಲೆಯೇ ಮನೆಯವರಿಗೆ ಅವರ ನಾಲಿಗೆ ವಾಪಸು.

ಜ್ವರ ಬಂದದ್ದು ಮೊಮ್ಮಗಳು ನೀಲಾಳಿಗೆ. ಐದು ದಾಟಿದ ಹುಡುಗಿ. ಶಿವಲಿಂಗವ್ವನ ಒಬ್ಬನೇ ಮಗ ಮಿಲಿಟರಿ ಸೇರಿದ್ದ. ಎಪ್ಪತ್ತೊಂದರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾಯಿತಲ್ಲ, ಆಗ ಪಂಜಾಬದ ಗಡಿಯಲ್ಲಿ ತೀರಿಕೊಂಡ. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂದು ಹೋದವನು ಮತ್ತೆ ಬರಲಿಲ್ಲ. ಹೆಣವೂ ಬರಲಿಲ್ಲ, ಅಲ್ಲೇ ಸುಟ್ಟರಂತೆ. ಇವರು ಮಣ್ಣು ಕೊಡುವ ಜನ. ಮಗನಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ ಎಂಬ ಸಂಕಟ ಅವಳಿಗೆ ಮಗ ಹೋದ ಸಂಕಟದಷ್ಟೇ ದೊಡ್ಡದು. ಆದರೂ ಗಟ್ಟಿಗಿತ್ತಿ. ವರ್ಷ ಕಳೆದ ಮೇಲೆ ತಾನೇ ಮುಂದೆ ನಿಂತು ಸೊಸೆಗೆ ಅಮೀನಗಡದಲ್ಲಿ ಇನ್ನೊಂದು ಗಂಡು ನೋಡಿ ಉಡಿಕಿ ಮಾಡಿಸಿ ಕಳಿಸಿದಳು. "ಹರೇದ ಹುಡುಗಿ, ನನ್ನ ಜೋಡಿ ಕುಂತು ಯಾಕ ಒಣಗಬೇಕ್ರಿ?" ಅಂದಿದ್ದಳು. ಮೊಮ್ಮಗಳನ್ನು ಮಾತ್ರ ಇಟ್ಟುಕೊಂಡಳು.

ಆ ಹುಡುಗಿಗೆ ಸಿಡುಬಿನ ಸೂಜಿ ಹಾಕಿಸಿರಲಿಲ್ಲ. ನಾನು ಚೀಲ ಹಿಡಿದು ಓಣಿಗೆ ಕಾಲಿಟ್ಟರೆ ಸಾಕು, ಅಜ್ಜಿ ಮೊಮ್ಮಗಳನ್ನು ಕಣಕಿಯ ಬಣವೆಯಲ್ಲಿ ಅಡಗಿಸಿಬಿಡುತ್ತಿದ್ದಳು. "ಇದ್ದದ್ದೊಂದು ಕುಡಿ, ಅದನ್ನ ಚುಚ್ಚಬ್ಯಾಡ್ರಿ" ಎಂಬುದು ಅವಳ ವಾದ. ನಾನು ಬೈದೆ, ಹೆದರಿಸಿದೆ, ಬೆಲ್ಲ ಕೊಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಬಾಗಿಲಲ್ಲೇ ನಿಂತು ಒಳಗೆ ಇಣುಕಿದೆ. ದೇವರ ಜಗಲಿಯ ಮೇಲೆ ಮೂರ್ತಿಗಳ ನಡುವೆ ನನ್ನದೊಂದು ಸಾಮಾನು ಕಂಡಿತು. ಸಿಡುಬಾದ ಕೂಸಿನ ಬಣ್ಣದ ಚಿತ್ರವಿದ್ದ ಕಾರ್ಡು ಅದು. "ಇಂಥವರನ್ನು ಕಂಡರೆ ತಿಳಿಸಿ" ಎಂದು ಮನೆಮನೆಗೆ ತೋರಿಸಲು ನಮಗೆ ಕೊಟ್ಟಿದ್ದರು. ಹಿಂದಿನ ಸಲ ಬಂದಾಗ ನನ್ನ ಚೀಲದಿಂದ ಕಾಣೆಯಾದದ್ದು ಇಲ್ಲಿ ಅರಿಸಿನ ಕುಂಕುಮ ಹಚ್ಚಿಕೊಂಡು, ಮುಂದೆ ಮೊಸರನ್ನದ ಎಡೆ ಇಟ್ಟುಕೊಂಡು ಆರಾಮಾಗಿ ಕೂತಿತ್ತು.

"ಇದೇನ ಶಿವಲಿಂಗವ್ವಾ, ಸರಕಾರಿ ಕಾರ್ಡಿಗೆ ಪೂಜಾ ಮಾಡ್ತೀಯಲ್ಲ!"

"ಮೆತ್ತಗ ಮಾತಾಡ್ರಿ. ತಾಯಿ ಮುಖ ಅದು. ನೀವ ತಂದು ತೋರಿಸಿದ್ರಿ. ಮನಿಮನಿಗೆ ತಾಯಿ ಮಾರಿ ತೋರಸ್ಕೋತ ತಿರಗೂ ಪುಣ್ಯಾ ನಿಮ್ಮದು. ನಿಮಗ ಗೊತ್ತಿಲ್ಲ, ಅಷ್ಟ."

ಇದಕ್ಕೆ ಏನನ್ನುತ್ತೀರಿ?

ಆಗಲೇ ಸೀರೆಯ ಪರದೆಯ ಹಿಂದಿನಿಂದ ಒಂದು ಪುಟ್ಟ ಕೈ ಹೊರಬಂತು. "ಆಯೀ, ನೀರು" ಎಂದಳು ಹುಡುಗಿ. ಅಂಗೈಯ ನಡುವೆ ಒಂದು ಗುಳ್ಳೆ. ಸೀತಾಳೆ ಸಿಡುಬಾದರೆ ಗುಳ್ಳೆ ಹೊಟ್ಟೆ ಬೆನ್ನಿಗೆ ಹೆಚ್ಚು, ಅಂಗೈಗೆ ಬರುವುದು ಅಪರೂಪ. ಅದಾದರೆ ಹುಡುಗಿ ಕೆಲ ದಿನಗಳಲ್ಲಿ ಎದ್ದು ಆಡಲು ಓಡುತ್ತಾಳೆ. ದೊಡ್ಡ ಸಿಡುಬು ಅಂಗೈ ಅಂಗಾಲನ್ನೂ ಬಿಡುವುದಿಲ್ಲ, ಎಷ್ಟೋ ಸಲ ಜೀವವನ್ನೂ ಬಿಡುವುದಿಲ್ಲ. ಪರದೆ ಸರಿಸಿ ಪೂರ್ತಿ ಮೈ ನೋಡಿದರೆ ಗೊತ್ತಾಗುತ್ತಿತ್ತು. ಶಿವಲಿಂಗವ್ವ ಜಪ್ಪಯ್ಯ ಅಂದರೂ ಒಳಗೆ ಬಿಡಲಿಲ್ಲ.

ಹುನಗುಂದಕ್ಕೆ ಬಸ್ಸು ಹತ್ತಿ ತಿಳಿಸಿ ಬಂದೆ. ತಪಾಸಣೆಗೆ ಬಂದ ಹೊರದೇಶದ ಡಾಕ್ಟರರು ಆಗ ಬಾದಾಮಿಯಲ್ಲಿ ಇಳಿದುಕೊಂಡಿದ್ದರು. ಮರುದಿನ ಹೊತ್ತೇರುವ ಮೊದಲೇ ಅವರ ಜೀಪು ಬಂತು. ಓಡಿಸುವವನು ಇಲಕಲ್ಲಿನ ಮಲೀಕಸಾಬ, ನಮ್ಮೂರವರಿಗೆಲ್ಲ ಗೊತ್ತಿದ್ದವನು. ಡಾಕ್ಟರರು ಇಬ್ಬರು. ಒಬ್ಬರು ರಷ್ಯಾದ ಪಾವೆಲ್ ಸಾಹೇಬರು. ಅವರ ಎತ್ತರಕ್ಕೆ ನಮ್ಮೂರ ಯಾವ ಬಾಗಿಲೂ ಸಾಲುತ್ತಿರಲಿಲ್ಲ. ಇನ್ನೊಬ್ಬರು ಇಮ್ತಿಯಾಜ್ ಡಾಕ್ಟರರು. ತೆಳ್ಳಗಿನ ಮೈ, ನಡುವಯಸ್ಸು, ಮುಖದ ತುಂಬ ಹಳೆಯ ಸಿಡುಬಿನ ಕುಳಿಗಳು. ಉರ್ದು ಮಾತಾಡುತ್ತಿದ್ದರು. ಹಾಗಾಗಿ ಅವರ ಮಾತನ್ನು ಮಲೀಕಸಾಬ ಕನ್ನಡಕ್ಕೆ ತರಬಲ್ಲವನಾಗಿದ್ದ, ನನಗೂ ಅರ್ಧಂಬರ್ಧ ತಿಳಿಯುತ್ತಿತ್ತು.

ಮಲೀಕಸಾಬ ನನ್ನನ್ನು ಜೀಪಿನ ಹಿಂದಕ್ಕೆ ಕರೆದ. "ಬಾಯಾರ, ಇವರು ಪಾಕಿಸ್ತಾನದವರು. ಊರಾಗ ಅನ್ನಬ್ಯಾಡ್ರಿ. ಯಾರರ ಕೇಳಿದ್ರ ದಿಲ್ಲಿ ಕಡೆಯವರು ಅಂದ್ರ ಆತು."

ಇಡೀ ತಾಲೂಕಿನಲ್ಲಿ ಇವರಿಗೆ ಬೇರೆ ಮನೆ ಸಿಗಲಿಲ್ಲವೇ ಅನಿಸಿತು ನನಗೆ. ಆದರೆ ಜ್ವರ ಬಂದದ್ದು ಆ ಮನೆಯಲ್ಲಿ. ನಡೆಯಿರಿ ಎಂದೆ.

ಬಾಗಿಲಲ್ಲಿ ಪಾವೆಲ್ ಸಾಹೇಬರು ಬಗ್ಗಿ ಒಳಗೆ ಕಾಲಿಡಹೊರಟರು. ಶಿವಲಿಂಗವ್ವ ಕೈ ಅಡ್ಡ ಹಿಡಿದಳು. ಆಮೇಲೆ ಅವಳ ಕಣ್ಣು ಇಮ್ತಿಯಾಜ್ ಡಾಕ್ಟರರ ಮುಖದ ಮೇಲೆ ನಿಂತಿತು. ನಿಧಾನವಾಗಿ ನೋಡಿದಳು, ಹಣೆ, ಕೆನ್ನೆ, ಗದ್ದ.

"ಇವನ ಮೈಮ್ಯಾಗ ತಾಯಿ ಆಡಿ ಹೋಗ್ಯಾಳ. ಇವ ಬರ್ಲಿ."

ಇದು ನಮ್ಮ ಕಡೆಯ ಹಳೆಯ ಕಟ್ಟಳೆ. ತಾಯಿ ಮುಟ್ಟಿ ಬಿಟ್ಟುಹೋದವರು ಆ ಮನೆಗೆ ಬೇಕಾದವರು, ಅವರು ಒಳಗೆ ಹೋಗಬಹುದು, ರೋಗಿಗೆ ನೀರು ಕೊಡಬಹುದು. ಇದರಲ್ಲಿ ಶಾಸ್ತ್ರ ಎಷ್ಟಿದೆಯೋ ಖರೆಯೂ ಅಷ್ಟೇ ಇದೆ. ಒಮ್ಮೆ ಸಿಡುಬಾದವರಿಗೆ ಅದು ಮತ್ತೆ ಆಗುವುದಿಲ್ಲ. ಊರ ನರ್ಸು ಹೊಸ್ತಿಲ ಹೊರಗೆ, ಪರದೇಶದವನು ಒಳಗೆ. ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು.

ಡಾಕ್ಟರರು ಬೂಟು ಬಿಚ್ಚಿ, ಕಾಲು ತೊಳೆದು ಒಳಗೆ ಹೋದರು. ಮಲೀಕಸಾಬ ಹೊಸ್ತಿಲಲ್ಲಿ ಕೂತ. ಪರದೆ ಸರಿಯಿತು. ಡಾಕ್ಟರರು ಹುಡುಗಿಯನ್ನು ಮುಟ್ಟಲಿಲ್ಲ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ತಮ್ಮ ಕೆನ್ನೆಯನ್ನು ಅವಳತ್ತ ತಿರುಗಿಸಿದರು. ನೀಲಾ ಒಂದು ಬೆರಳಿಂದ ಆ ಕುಳಿಗಳನ್ನು ಮುಟ್ಟಿ ನೋಡಿದಳು.

"ನಿಮಗೂ ತಾಯಿ ಬಂದಿದ್ಲಾ?"

"ಬಂದಿದ್ದಳು," ಎಂದರು, ಮಲೀಕಸಾಬ ತಿಳಿಸಿ ಹೇಳಿದ ಮೇಲೆ. "ನಿನ್ನಷ್ಟೇ ಇದ್ದೆ. ನಮ್ಮ ಊರಲ್ಲೂ 'ಮಾತಾ' ಅಂತಲೇ ಕರೆಯುತ್ತಾರೆ. ನಮ್ಮಮ್ಮ ನನಗೆ ಬೇವಿನ ಎಲೆಯ ಮೇಲೆ ಹಾಸಿಗೆ ಹಾಸಿದ್ದಳು."

ಆಮೇಲೆ ಹುಡುಗಿ ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು, ಬೆನ್ನು ತೋರಿಸಿದಳು, ಅಂಗಾಲು ತೋರಿಸಿದಳು. ಡಾಕ್ಟರರು ಬಾಗಿಲ ಕಡೆ ತಿರುಗಿ ನನಗೆ ಹೇಳಿದರು: ಗುಳ್ಳೆ ಹೊಟ್ಟೆ ಬೆನ್ನಿಗೇ ಹೆಚ್ಚು, ಕೆಲವು ಹೊಸವು, ಕೆಲವು ಒಣಗಿವೆ, ಸೀತಾಳೆ ಎಂದೇ ಕಾಣುತ್ತದೆ. ಆದರೆ ಲಸಿಕೆಯ ಗುರುತಿಲ್ಲ, ಅಂಗೈಯಲ್ಲಿ ಗುಳ್ಳೆ ಇದೆ, ದಿಲ್ಲಿಯಲ್ಲಿ ಪರೀಕ್ಷೆ ಮಾಡಿಸದೆ ಖಾತ್ರಿ ಹೇಳುವಂತಿಲ್ಲ. ಒಣಗಿದ ಗುಳ್ಳೆಯ 'ಚಕ್ಕೆ' ಒಂದಿಷ್ಟು ಬೇಕು. ಕಿತ್ತರೆ ಅಜ್ಜಿಗೆ ನೋವಾದೀತೆಂದು, ಹಾಸಿಗೆಯ ಮೇಲೆ ತಾನಾಗಿ ಉದುರಿದ್ದನ್ನೇ ಹುಡುಕಿ ಹುಡುಕಿ ಸೀಸೆಗೆ ಹಾಕಿಕೊಂಡರು. ಶಿವಲಿಂಗವ್ವ ಎಲ್ಲವನ್ನೂ ನೋಡುತ್ತಿದ್ದಳು. ಒಂದು ತಂಬಿಗೆ ಮಜ್ಜಿಗೆ ತಂದಳು.

"ನೀವೆಲ್ಲಾ ದೇಶದವರು ಕೂಡಿ ತಾಯಿನ್ನ ಕಳಸ್ತೀರಂತಲ್ಲ. ಎಲ್ಲಿಗೆ ಕಳಸ್ತೀರಿ?"

ಡಾಕ್ಟರರು ಸ್ವಲ್ಪ ಯೋಚಿಸಿದರು. "ಎಲ್ಲಿಗೂ ಇಲ್ಲ ಅಮ್ಮಾ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಇನ್ನು ಕಳಿಸುವುದಿಲ್ಲ ಅಂತಲೇ ಎಲ್ಲರೂ ಮಾತು ಕೊಟ್ಟಿದ್ದೇವೆ."

ಅವಳು ತಲೆ ಆಡಿಸಿದಳು, ಒಪ್ಪಿಯೋ ಒಪ್ಪದೆಯೋ. ಲೋಟಕ್ಕೆ ಮಜ್ಜಿಗೆ ಹಾಕುತ್ತ ಕೇಳಿದಳು, "ಯಾವೂರು ತಮ್ಮಾ ನಿಂದು?"

"ದಿಲ್ಲಿ ಕಡೆ, ಯವ್ವಾ," ಎಂದ ಮಲೀಕಸಾಬ, ಕೇಳಿದ್ದನ್ನು ಡಾಕ್ಟರರಿಗೆ ತಿಳಿಸುವ ಗೋಜಿಗೇ ಹೋಗದೆ.

ದಿಲ್ಲಿ ಎಂಬ ಮಾತು ಡಾಕ್ಟರರಿಗೆ ತಿಳಿಯಿತು. ಅಲ್ಲ ಎಂದು ತಲೆ ಆಡಿಸಿ, ತಮ್ಮ ಎದೆ ಮುಟ್ಟಿಕೊಂಡು ಹೇಳಿದರು: "ಪಾಕಿಸ್ತಾನ್. ಲಾಹೋರ್ ಕೇ ಪಾಸ್."

ಅದನ್ನು ಯಾರೂ ಕನ್ನಡಕ್ಕೆ ತರಬೇಕಾಗಿರಲಿಲ್ಲ. ಶಿವಲಿಂಗವ್ವನ ಕೈ ನಿಂತಿತು. ಮಲೀಕಸಾಬ ನೆಲ ನೋಡಿದ. ಅವಳು ಜಗಲಿಯ ಕಡೆ ಒಮ್ಮೆ ನೋಡಿದಳು. ಉಳಿದ ಮಜ್ಜಿಗೆಯನ್ನು ಲೋಟಕ್ಕೆ ತುಂಬಿ ಅವರ ಮುಂದಿಟ್ಟಳು.

"ತಾಯಿ ಕುಂತಾಳ. ಈಗ ನಾ ಏನೂ ಅನ್ನಂಗಿಲ್ಲ," ಎಂದಳು ಅದೇ ಪಿಸುದನಿಯಲ್ಲಿ. "ನೀರು ಹಾಕೋ ದಿನಾ ಇವಗ ಬರಾಕ ಹೇಳು, ಮಲೀಕ. ಅವತ್ತ ಮಾತಾಡ್ತೇನಿ."

ಜೀಪಿನ ತನಕ ನಡೆದೆವು. ಅಲ್ಲಿ ನನ್ನ ಮುರುಕು ಹಿಂದಿಯಲ್ಲಿ ಡಾಕ್ಟರರಿಗೆ ಎಲ್ಲ ಹೇಳಿದೆ, ಮಗ, ಯುದ್ಧ, ಬರದೆ ಹೋದ ಹೆಣ. "ನೀವು ಅವತ್ತು ಬರಬೇಡಿ. ಪಾವೆಲ್ ಸಾಹೇಬರು ಬಂದು ನೋಡಿದರೆ ಸಾಕು. ಅವಳ ಬಾಯಿ ಒಮ್ಮೆ ಬಿಚ್ಚಿತೆಂದರೆ ನಿಮಗೆ ಗೊತ್ತಿಲ್ಲ."

ಅವರು ಬೂಟಿನ ದಾರ ಕಟ್ಟುತ್ತ ಕೂತಿದ್ದರು. "ಸಿಸ್ಟರ್, ಮೊದಲು ನಮ್ಮ ಎರಡೂ ದೇಶದವರು ಏನು ಮಾಡುತ್ತಿದ್ದೆವು ಗೊತ್ತೇ? ಸಿಡುಬು ಕಂಡರೆ 'ಅದು ಆ ಕಡೆಯಿಂದ ಬಂತು' ಅನ್ನುತ್ತಿದ್ದೆವು. ನೀವೂ ಹಾಗೇ, ನಾವೂ ಹಾಗೇ. ಅದು ಎರಡೂ ಕಡೆ ಆರಾಮಾಗಿ ಓಡಾಡುತ್ತಿತ್ತು, ಅದಕ್ಕೇನು ವೀಸಾ ಬೇಕೇ? ನಮ್ಮಲ್ಲಿಗೂ ಹೊರಗಿನವರು ತಪಾಸಣೆಗೆ ಬಂದರು. ನಮ್ಮಮ್ಮ ಅಡಿಗೆಮನೆಯವರೆಗೂ ಬಾಗಿಲು ತೆಗೆದಳು. ಇವತ್ತು ಈ ತಾಯಿ ನನಗೆ ಬಾಗಿಲು ತೆಗೆದಿದ್ದಾಳೆ. ಬಾ ಅಂದಾಗ ಬರದಿದ್ದರೆ ನಾವು ಕೊಟ್ಟ ಮಾತಿಗೆ ಏನು ಬೆಲೆ?"

"ಬೈಯುತ್ತಾಳೆ."

"ಬೈಯಲಿ. ಬೈಸಿಕೊಳ್ಳಲಿಕ್ಕೂ ಯಾರಾದರೂ ಬರಬೇಕಲ್ಲ."

ಪುಣ್ಯಾತ್ಮ, ಬಾಯಿಗೆ ಕೀಲಿ ಹಾಕಿಕೊಂಡು ಕೂತವಳನ್ನು ನೋಡಿ ಅವಳ ಬಾಯಿ ಎಷ್ಟು ದೊಡ್ಡದೆಂದು ಅಂದಾಜು ಮಾಡಿದ್ದರು. ನನಗೆ ನಿದ್ದೆ ಹತ್ತದ ಹಾಗಾಯಿತು.

ಸುದ್ದಿಗೆ ಮಾತ್ರ ಯಾರೂ ಪರದೆ ಕಟ್ಟಲಿಲ್ಲ. ರೋಷನಬಿಯ ಹಾಲಿನ ಜೊತೆ ಅದು ಊರೆಲ್ಲ ತಿರುಗಿತು. "ಪಾಕಿಸ್ತಾನದವ ಬಂದಿದ್ದನಂತ, ಶಿವಲಿಂಗವ್ವ ಮಜ್ಜಿಗಿ ಕೊಟ್ಟಳಂತ." "ನೀರು ಹಾಕೋ ದಿನಾ ಐತಿ ಅವಗ." ಊರ ಹಿರಿಯ ಮುದಕಪ್ಪನಿಗೆ ಬೇರೆ ಚಿಂತೆ. ತಾಯಿಗೆ ನೀರು ಹಾಕಿದ ಮೇಲೆ ಅವಳನ್ನು ಊರಿಂದ ಸಾಗಹಾಕಬೇಕು. ಹುಡುಗಿಯ ಹಾಸಿಗೆಯ ಬೇವು, ಒಂದು ಹಸಿರು ಬಳೆ, ಮೊಸರನ್ನ, ಇವನ್ನು ಮೊರದಲ್ಲಿಟ್ಟು ಹಲಗೆ ಬಾರಿಸಿಕೊಂಡು ಪಕ್ಕದ ಊರಿನ ಸೀಮೆಯಲ್ಲಿ ಇಟ್ಟು ಹಿಂದೆ ನೋಡದೆ ಬರಬೇಕು. ಆ ಊರವರು ಕಂಡರೆ ಅದನ್ನು ಎತ್ತಿ ಅದರಾಚೆಯ ಸೀಮೆಗೆ ಇಡುತ್ತಾರೆ. ಹಾಗೆ ತಾಯಿ ಊರಿಂದೂರಿಗೆ ದೇಶ ನೋಡುತ್ತ ಹೋಗುತ್ತಾಳೆ. ಈ ಸಲ ಅಮೀನಗಡದ ಸೀಮೆಗೆ ಎಂದು ಮುದಕಪ್ಪ ಗೊತ್ತುಮಾಡಿದ್ದ.

ದಿಲ್ಲಿಯಿಂದ ಉತ್ತರ ಬಂತು. ದೊಡ್ಡ ಸಿಡುಬಲ್ಲ, ಸೀತಾಳೆ. ಓದಿದ ಕೂಡಲೇ ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಮನೆಯಲ್ಲಿ ಯಾವ ತಾಯಿಯೂ ಕೂತಿರಲಿಲ್ಲವಲ್ಲ, ಅಳಲು ಅಡ್ಡಿ ಇರಲಿಲ್ಲ.

ಆ ಮಂಗಳವಾರ ಶಿವಲಿಂಗವ್ವನ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿ ಬೇವಿನ ನೀರು ಹಾಕಿದಳು. ನೀಲಾ ಬಿಸಿ ಎಂದು ಕೂಗಿದಳು, ತಣ್ಣಗೆಂದು ಕೂಗಿದಳು, ಕಣ್ಣಲ್ಲಿ ಅರಿಸಿನ ಹೋಯಿತೆಂದು ಕೂಗಿದಳು. ಅಷ್ಟು ದಿನ ಸುಮ್ಮನಿದ್ದ ಮನೆಯಲ್ಲಿ ಆ ಕೂಗು ಕೇಳಿ ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಜೀಪು ಬಂದು ನಿಂತಿತು. ನಗು ನಿಂತಿತು. ಇಮ್ತಿಯಾಜ್ ಡಾಕ್ಟರರು ಇಳಿದರು, ಹಿಂದೆ ಪಾವೆಲ್ ಸಾಹೇಬರು. ಇಬ್ಬರೂ ಹುಡುಗಿಯ ಮೈ ನೋಡಿದರು. ಪಾವೆಲ್ ಸಾಹೇಬರು ಅವಳ ಗಲ್ಲ ಚಿವುಟಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಆಮೇಲೆ ಸೂಜಿ ತೆಗೆದರು. ಶಿವಲಿಂಗವ್ವ ಮೊಮ್ಮಗಳ ತೋಳನ್ನು ತಾನೇ ಹಿಡಿದು ಮುಂದೆ ಮಾಡಿದಳು. ನಾನು ಬಣವೆಯ ಕಡೆ ಕೈ ತೋರಿಸಿ ಏನೋ ಅನ್ನಹೊರಟವಳು ಅವಳ ಮುಖ ನೋಡಿ ಹುಡುಗಿಯ ಇನ್ನೊಂದು ಕೈ ಹಿಡಿದೆ.

ಮುದಕಪ್ಪ ಮೊರ ಹಿಡಿದು ಮುಂದೆ ಬಂದ. "ನಡೀರಿ, ಹೊತ್ತಾತು. ಅಮೀನಗಡ ಸೀಮಿಗೆ ಇಟ್ಟು ಬರೂಣು."

"ಅಮೀನಗಡದಾಗ ನಮ್ಮ ಸೊಸಿ ಅದಾಳ, ಮಾವಾ. ಆಕಿಗೆ ಕೈಗೂಸು," ಎಂದಳು ಶಿವಲಿಂಗವ್ವ.

"ಹಂಗಾರ ಪಟ್ಟದಕಲ್ಲ ದಾರಿಗೆ ಬಿಡೂಣು."

"ಅಲ್ಲಿ ಯಾರ ಸೊಸಿಯೋ ಇದ್ದಾಳು."

"ಹೊಳಿಗರ ಹಾಕೂಣೇಳು!"

"ಹೊಳಿ ಎಲ್ಲೆ ನಿಂದರ್ತೈತಿ? ಮುಂದಿನ ಊರಿಗೇ ಹೋಗೂದು."

ಮುದಕಪ್ಪನಿಗೆ ರೇಗಿತು. "ಹಿಂಗಂದ್ರ ಊರಿಗೊಂದು ಸೀಮಿ ಅಂತ ಯಾಕ ಐತಿ?" ಎಂದ. ಶಿವಲಿಂಗವ್ವ ಅವನ ಕೈಯಿಂದ ಮೊರ ತೆಗೆದುಕೊಂಡು ತನ್ನ ಹಿತ್ತಲಿಗೆ ಹೋದಳು. ಗುದ್ದಲಿಯಿಂದ ತಾನೇ ಒಂದು ಕುಣಿ ತೋಡಿದಳು. ಬೇವು, ಬಳೆ, ಮೊಸರನ್ನ, ಜಗಲಿಯ ಮೇಲಿದ್ದ ನನ್ನ ಸರಕಾರಿ ಕಾರ್ಡು, ಎಲ್ಲವನ್ನೂ ಅದರೊಳಗಿಟ್ಟಳು. "ನಮ್ಮ ಮನಿಗೆ ಬಂದಿ, ನಮ್ಮಲ್ಲೇ ತಣ್ಣಗ ಮಲಕೋ ನನ್ನವ್ವಾ. ಇನ್ನ ಯಾರ ಮನಿಗೂ ಹೋಗಬ್ಯಾಡ," ಎಂದು ಮಣ್ಣು ಎಳೆದಳು. ಮಲೀಕಸಾಬ ಅದನ್ನು ಡಾಕ್ಟರರಿಗೆ ಮೆಲ್ಲಗೆ ಹೇಳಿದ. ಅವರು ಪಾವೆಲ್ ಸಾಹೇಬರಿಗೆ ಹೇಳಿದರು. ಇಬ್ಬರೂ ಟೋಪಿ ತೆಗೆದು ನಿಂತರು.

ಅವಳು ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಎದುರಿಗೆ ಕಂಬಳಿ ಹಾಸಿಸಿ ಇಮ್ತಿಯಾಜ್ ಡಾಕ್ಟರರನ್ನು ಕೂರಿಸಿದಳು. ನೆರೆದವರು ಹತ್ತಿರ ಸರಿದರು. ಬೈಗುಳ ಕೇಳಲು ಬಂದವರು ಅವರು, ಖರೆ ಹೇಳಬೇಕೆಂದರೆ.

"ತಾಯಿ ಇಳಿದ್ಲು. ಈಗ ಮಾತಾಡ್ತೇನಿ," ಎಂದಳು. ದನಿ ಅವಳದೇ, ಹೊಳೆಯಾಚೆ ಕೇಳುವಂಥದ್ದು. "ನನ್ನ ಮಗನ್ನ ನೀ ಕೊಂದಿಲ್ಲ, ಗೊತ್ತೈತಿ. ನಿನ್ನ ಬೈಯಾಕ ಕರಸಿಲ್ಲ. ನನಗ ಅಳೂದೈತಿ. ಐದು ವರ್ಷಾತು, ಇಲ್ಲೆ ಯಾರ ಮುಂದ ಅತ್ರೂ ಬಾಯಿ ಮುಚ್ಚಸ್ತಾರ. ಸಮಾಧಾನ ಮಾಡ್ಕೋ ಅಂತಾರ. ಹುಡುಗಿ ಮುಂದ ಅಳಬ್ಯಾಡ ಅಂತಾರ. ಆ ಕಡೆಯವರು ಒಬ್ರರ ನನ್ನ ಅಳು ಕೇಳಬೇಕಾಗಿತ್ತು. ನೀ ಬಂದಿ. ಸಮಾಧಾನ ಮಾಡಬ್ಯಾಡ. ಕುಂತು ಕೇಳು, ಅಷ್ಟ."

ಮಲೀಕಸಾಬ ಇದನ್ನು ಉರ್ದುವಿಗೆ ತಂದ. ಡಾಕ್ಟರರು ಕಾಲು ಮಡಚಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

ಶಿವಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಹಾಡಿಕೊಂಡು ಅಳಲು ಶುರು ಮಾಡಿದಳು. ಸತ್ತವರ ಮುಂದೆ ನಮ್ಮ ಕಡೆಯ ಹೆಂಗಸರು ಹಾಗೆ ಅಳುತ್ತಾರೆ. ಅವಳ ಮುಂದೆ ಹೆಣವೇ ಇರಲಿಲ್ಲವಾದ್ದರಿಂದ ಆ ಅಳು ಒಳಗೇ ಉಳಿದಿತ್ತು. ಮಗ ಮೊದಲ ಸಲ ಹೊಲಕ್ಕೆ ಹೋದಾಗ ಕುಂಟೆಯ ಮೇಲೆ ಕೂತು ನಿದ್ದೆ ಮಾಡಿದ್ದನ್ನು ಅತ್ತಳು. ಸಜ್ಜಿ ರೊಟ್ಟಿ ಎಂದರೆ ಜೀವ ಬಿಡುತ್ತಿದ್ದುದನ್ನು ಅತ್ತಳು. ಮಿಲಿಟರಿಯ ಬೂಟು ಹಾಕಿಕೊಂಡು ಬಂದು ಅಂಗಳದ ಸಗಣಿ ಸಾರಿಸಿದ್ದನ್ನು ತುಳಿದು ಅವಳಿಂದ ಬೈಸಿಕೊಂಡದ್ದನ್ನು, ಅದೇ ಕಡೆಯ ಬೈಗುಳವಾದದ್ದನ್ನು ಅತ್ತಳು. ಮಲೀಕಸಾಬ ಒಂದು ಸಾಲನ್ನು ಉರ್ದುವಿಗೆ ತರಲು ಹೋದ.

"ಬ್ಯಾಡೋ ಮಲೀಕ," ಎಂದಳು ಸೆರಗಿನೊಳಗಿಂದಲೇ. "ಅವಗ ತಿಳಿಯಾಕ ಅಲ್ಲ. ಅವ ಕೇಳಾಕ."

ಡಾಕ್ಟರರು ಕೇಳಿದರು. ಕಣ್ಣು ಕೆಳಗೆ ಹಾಕಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ನೀರು ಅವರ ಕೆನ್ನೆಯ ಕುಳಿಗಳಲ್ಲಿ ನಿಂತು ನಿಂತು ಇಳಿಯುತ್ತಿತ್ತು. ಮುದಕಪ್ಪ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. ಪಾವೆಲ್ ಸಾಹೇಬರು ಗುಡಿಯ ಕಂಬಕ್ಕೆ ಆತು ನಿಂತು ಬೇರೆ ಕಡೆ ಮುಖ ಮಾಡಿದ್ದರು. ಅವರ ಊರಲ್ಲೂ ಎಂಥೆಂಥ ಯುದ್ಧಗಳಾಗಿದ್ದವೋ.

ಅಳು ತಾನಾಗಿ ಮುಗಿಯಿತು. ಶಿವಲಿಂಗವ್ವ ಸೆರಗು ಸರಿಸಿ, ಮುಖ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತಳು.

"ಅವನ ಹೆಸರು ಅಂದಾನಪ್ಪ," ಎಂದಳು. "ನಿಮ್ಮವರು ಹೆಸರು ಗೊತ್ತಿಲ್ದ ಕೊಂದ್ರು. ಅವನ ಬಂದೂಕಿಗೂ ನಿಮ್ಮವರ ಹೆಸರು ಗೊತ್ತಿರಾಕಿಲ್ಲ, ಅದೂ ನನಗ ತಿಳಿತೈತಿ. ನಾ ಏನೂ ಕೇಳೂದಿಲ್ಲ ತಮ್ಮಾ. ನೀ ನಿಮ್ಮ ಊರಿಗೆ ಹೋದಾಗ ಒಮ್ಮೆ ಅವನ ಹೆಸರು ಬಾಯಿಬಿಟ್ಟು ಅನ್ನು. ಯಾರ ಮುಂದರ ಅನ್ನು. ಯಾರೂ ಇಲ್ಲಂದ್ರ ಹೊಲದಾಗ ನಿಂತು ಅನ್ನು. ಆ ಮಣ್ಣಿಗೆ ಅವನ ಹೆಸರು ಗೊತ್ತಾಗ್ಲಿ."

ಇದನ್ನು ಮಲೀಕಸಾಬ ಒಂದು ಮಾತೂ ಬಿಡದೆ ಉರ್ದುವಿಗೆ ತಂದ.

ಡಾಕ್ಟರರು ತಲೆ ಆಡಿಸಿದರು. ಬಾಯಲ್ಲಿ ಹೆಸರನ್ನು ಹೊರಳಿಸಿ ನೋಡಿದರು. "ಅಂಧಾನಾಪ್."

"ಅಂದಾನಪ್ಪ," ಎಂದಳು ಶಿವಲಿಂಗವ್ವ.

"ಅನ್‌ದಾನ್ ಅಪಾ."

ಒದ್ದೆ ಕೂದಲಿನ ನೀಲಾ ಅಜ್ಜಿಯ ಬೆನ್ನ ಹಿಂದಿನಿಂದ ಬಂದು ಅವರ ಮುಂದೆ ನಿಂತಳು. "ಹಂಗಲ್ರಿ!" ಎಂದು ಸಾಲಿಯ ಮಾಸ್ತರರಂತೆ ಬೆರಳು ಮೇಲೆತ್ತಿದಳು. "ಅಂ, ದಾ, ನ, ಪ್ಪ. ನಮ್ಮಪ್ಪ ಅದು."

ಡಾಕ್ಟರರು ಅವಳ ಬಾಯಿಯನ್ನೇ ನೋಡುತ್ತ ಒಂದೊಂದೇ ಅಕ್ಷರ ಎತ್ತಿಕೊಂಡರು. ಆಮೇಲೆ ಶಿವಲಿಂಗವ್ವನ ಕಡೆ ತಿರುಗಿ ನಿಧಾನವಾಗಿ, ತಪ್ಪಿಲ್ಲದೆ ಹೇಳಿದರು.

"ಅಂದಾನಪ್ಪ."

ಆ ಕಡೆಯವನೊಬ್ಬನ ಬಾಯಲ್ಲಿ ಮಗನ ಹೆಸರು ಕೇಳಿ ಅವಳು ಕಣ್ಣು ಮುಚ್ಚಿದಳು.

"ಇನ್ನೊಮ್ಮೆ ಅನ್ನಪ್ಪಾ," ಎಂದಳು.

ಅವರು ಅಂದರು.